ಮುಡಿ ಕಟ್ಟಿಟ್ಟ ಸ್ಪ್ರಿಂಗು

ಶ್ರವಣನ ಕೆಂಪು ಕಾರಿಗೆ ಎರಡೇ ಬಾಗಿಲು, ಎರಡೇ ಸೀಟು. ದುಬಾಯಿಯಲ್ಲಿ ದುಡಿಯುವ ಅವನು ಹಿಂದಿನ ರಜೆಯಲ್ಲಿ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಆಸೆ ತೀರುವ ಮೊದಲೇ ಅಳದಂಗಡಿಯ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿ ವಿಮಾನ ಹತ್ತಿದ್ದ. ಗಲ್ಫ್ ಬಿಟ್ಟು ಬಂದ ಮೇಲೆ ಕಾರನ್ನು ಒಳ್ಳೆಯ ಬೆಲೆಗೆ ಮಾರಿ ಬೆಳ್ತಂಗಡಿಯಲ್ಲೊಂದು ಹೋಟೆಲು ತೆರೆಯುವುದು ಅವನ ಯೋಚನೆ. ಅಲ್ಲಿಯವರೆಗೆ ಆಗಾಗ ಸ್ಟಾರ್ಟ್ ಮಾಡಿ ಇಡು ಎಂದು ಹೆಂಡತಿ ಅಕ್ಷಿತಾಳಿಗೆ ಹೇಳಿ ಹೋಗಿದ್ದ. ಹೇಳಿದ್ದೇ ತಪ್ಪಾಯಿತು. ಸ್ಟಾರ್ಟ್ ಮಾಡಿದವಳಿಗೆ ಓಡಿಸಬೇಕೆನಿಸಿತು, ಓಡಿಸಿದವಳಿಗೆ ರಸ್ತೆ ಸಾಲದೆನಿಸಿತು. ಮಿಜಾರಿನ ಹಳೆಯ ಕಲ್ಲುಕೋರೆಯ ಬಯಲಿನಲ್ಲಿ ಹವ್ಯಾಸಿಗಳ ರೇಸ್ ನಡೆಯುತ್ತದೆಂದು ಗೊತ್ತಾದ ದಿನವಂತೂ ಅವಳಿಗೆ ಊಟವೇ ಸೇರಲಿಲ್ಲ.

ಶ್ರವಣ ಫೋನಿನಲ್ಲಿ ಬಹಳ ಹೊತ್ತು ಗೊಣಗಿ, ಕೊನೆಗೆ ಒಪ್ಪಿದ. ಆದರೆ ಕಾರಿನ ಮೈಗೆ ಒಂದು ತೂತೂ ಕೊರೆಯಬಾರದು, ಬಿಚ್ಚಿದ ಒಂದು ಸಾಮಾನೂ ಕಳೆಯಬಾರದು. ತಾನು ರಜೆಗೆ ಬಂದಾಗ ಕಂಪೆನಿಯಿಂದ ಇಳಿದ ಹಾಗೆ ಮಾಡಿ ತೋರಿಸಬೇಕು. ತಪ್ಪಿದರೆ ರೇಸು ಬಂದ್, ಕಾರು ಆ ರಜೆಯಲ್ಲೇ ಮಾರಾಟ.

ಬಂಟ್ವಾಳದ ಗ್ಯಾರೇಜಿನ ಇಬ್ರಾಹಿಂ ಈ ಷರತ್ತನ್ನು ಕೇಳಿ, ಕೈಚಳಕ ತೋರಿಸಲು ಒಳ್ಳೆಯ ಸವಾಲೆಂದು ಖುಷಿಪಟ್ಟ. ಬಣ್ಣಕ್ಕೆ ಕಲ್ಲು ತಾಗದಂತೆ ಇಡೀ ಕಾರಿಗೆ ಪಾರದರ್ಶಕ ಹಾಳೆ ಅಂಟಿಸಿದ. ರೇಸಿನ ಸೀಟನ್ನು ಹಳೆಯ ಬೋಲ್ಟಿನ ತೂತುಗಳಲ್ಲೇ ಕೂರಿಸಿದ. ಮೆತ್ತನೆಯ ಸ್ಪ್ರಿಂಗುಗಳನ್ನು ತೆಗೆದು ಗಟ್ಟಿಯವನ್ನು ಹಾಕಿ, ಹಳೆಯವನ್ನು ಜೋಪಾನ ಮಾಡಲು ಹೇಳಿದ. ಆ ಮಾಡೆಲು ನಿಂತುಹೋಗಿತ್ತು, ಬೇರೆ ಸ್ಪ್ರಿಂಗು ಹುಡುಕಿದರೂ ಸಿಗುವ ಹಾಗಿರಲಿಲ್ಲ.

ಜೋಪಾನ ಮಾಡುವ ಕೆಲಸವನ್ನು ಮಾವ ಮುಂಡಪ್ಪ ತಾವಾಗಿಯೇ ವಹಿಸಿಕೊಂಡರು. ಬೈಹುಲ್ಲಿನಲ್ಲಿ ಅಕ್ಕಿ ತುಂಬಿ, ಹುಲ್ಲಿನ ಹಗ್ಗದಿಂದ ಬಿಗಿದು ದುಂಡಗೆ ಮುಡಿ ಕಟ್ಟುವುದರಲ್ಲಿ ಅವರದು ಎತ್ತಿದ ಕೈ. ಅಕ್ಕಿಯನ್ನು ಕಾಯುವ ಹುಲ್ಲು ಕಬ್ಬಿಣವನ್ನು ತುಕ್ಕಿನಿಂದ ಕಾಯದೇ ಎಂದು ಸ್ಪ್ರಿಂಗುಗಳಿಗೆ ಗ್ರೀಸು ಬಳಿದು, ಬಟ್ಟೆ ಸುತ್ತಿ, ಸುತ್ತಲೂ ಉಮಿ ತುಂಬಿ ಚೆಂದದ ಮುಡಿ ಕಟ್ಟಿ ಅಟ್ಟದಲ್ಲಿಟ್ಟರು. ಅತ್ತೆ ಪ್ರಫುಲ್ಲಾಗೆ ಮಾತ್ರ ಹೇಳಲಿಲ್ಲ. ಅಕ್ಕಿಯ ಅಟ್ಟದಲ್ಲಿ ಗ್ರೀಸಿನ ಸಾಮಾನೆಂದರೆ ಆಕೆ ದೊಡ್ಡ ರಂಪವನ್ನೇ ಮಾಡುತ್ತಿದ್ದರು. ಅವರಿಗೆ ಸೊಸೆ ರೇಸಿಗೆ ಹೋಗುವುದೇ ಒಂದು ಮುಜುಗರ. ಕೇಳಿದವರಿಗೆಲ್ಲ, ಭಾನುವಾರ ಮಿಜಾರಿನ ಕಾಲೇಜಿನಲ್ಲಿ ಅವಳಿಗೆ ಏನೋ ಕೋರ್ಸು ಎಂದು ಹೇಳಿಬಿಡುತ್ತಿದ್ದರು. ಅಕ್ಷಿತಾಳ ಕಿವಿಗೂ ಅದು ಬಿದ್ದಿತ್ತು. ನೋವಾಗಿತ್ತು, ಆದರೆ ಅಡ್ಡ ಬಾರದಿದ್ದರೆ ಸಾಕೆಂದು ಸುಮ್ಮನಿದ್ದಳು.

ಊರಿನ ದೇವಸ್ಥಾನದ ಬ್ರಹ್ಮಕಲಶದ ಉತ್ಸವ ಬಂತು. ಮನೆಮನೆಯಿಂದ ಅಕ್ಕಿ, ತೆಂಗಿನಕಾಯಿಯ ಹೊರೆಕಾಣಿಕೆ ಒಟ್ಟುಮಾಡುವವರ ಪಿಕಪ್ ಮನೆಯ ಮುಂದೆ ನಿಂತಾಗ ಅಕ್ಷಿತಾ ಮತ್ತು ಮುಂಡಪ್ಪ ಇಬ್ರಾಹಿಮನ ಗ್ಯಾರೇಜಿನಲ್ಲಿದ್ದರು. ಎಲ್ಲರೂ ಗೋಣಿಯಲ್ಲಿ ಅಕ್ಕಿ ಕೊಡುವಾಗ ತಮ್ಮ ಮನೆಯಿಂದ ಮುಡಿಯೇ ಹೋಗಲಿ ಎಂದು ಪ್ರಫುಲ್ಲಾ ಅಟ್ಟದಲ್ಲಿದ್ದ ಮುಡಿಯನ್ನು ಇಳಿಸಿ, ಹೂವು ಮುಡಿಸಿ, ಕೈಮುಗಿದು ಕಳಿಸಿಕೊಟ್ಟರು.

ಸಂಜೆ ವಿಷಯ ತಿಳಿದಾಗ ಅಕ್ಷಿತಾ ಅಟ್ಟ ಹತ್ತಿ ಖಾಲಿ ಜಾಗವನ್ನು ನೋಡಿ ಬಂದಳು. ಶ್ರವಣ ಬರಲು ವಾರವೂ ಉಳಿದಿರಲಿಲ್ಲ. ಕೋಪ ಬಂದರೂ ಯಾರ ಮೇಲೆ ಮಾಡುವುದು? ಭಕ್ತಿಯಿಂದ ಕೊಟ್ಟವರನ್ನು ಬಯ್ಯುವ ಹಾಗಿಲ್ಲ, ಪ್ರೀತಿಯಿಂದ ಕಟ್ಟಿದವರನ್ನೂ ಬಯ್ಯುವ ಹಾಗಿಲ್ಲ. ಮುಡಿಯೊಳಗೆ ಏನಿತ್ತೆಂದು ಪ್ರಫುಲ್ಲಾರಿಗೂ ಆಗಲೇ ತಿಳಿದದ್ದು. ಈಗಲೇ ಹೋಗಿ ಕೇಳಿ ತರುತ್ತೇನೆಂದು ಎದ್ದವರನ್ನು ಮುಂಡಪ್ಪ ತಡೆದರು.

"ದೇವರ ಅಂಗಳದಲ್ಲಿ ಇಳಿಸಿದ್ದನ್ನು ವಾಪಸು ಕೇಳುವ ಕ್ರಮ ಇಲ್ಲ," ಎಂದರು. "ಕಡೆಯ ದಿವಸ ಏಲಂ ಉಂಟಲ್ಲ. ಬಾಯಿ ಮುಚ್ಚಿ ತೆಗೆದುಕೊಳ್ಳುವ."

ಗೋಣಿಯ ಅಕ್ಕಿ ಅನ್ನಸಂತರ್ಪಣೆಗೆ ಹೋಗುತ್ತಿತ್ತು. ಮುಡಿಗಳು ಈಗ ಅಪರೂಪವಾದ್ದರಿಂದ ಅವನ್ನು ಚೆಂದಕ್ಕೆ ಜೋಡಿಸಿಟ್ಟು ಕೊನೆಗೆ ಏಲಂ ಕೂಗಿ ಹೆಚ್ಚು ಕೊಟ್ಟವರಿಗೆ ಮಾರುತ್ತಿದ್ದರು. ದೇವರಿಗೆ ಅಕ್ಕಿಯೆಂದು ಕಬ್ಬಿಣ ಕೊಟ್ಟ ಮನೆ ಎಂಬ ಹೆಸರು ಬಂದರೆ ತಲೆ ಎತ್ತುವುದು ಹೇಗೆ ಎಂಬುದು ಮುಂಡಪ್ಪನವರ ಚಿಂತೆ. ಹಾಗಾಗಿ ಮೂವರೂ ಏನೂ ಗೊತ್ತಿಲ್ಲದವರಂತೆ ಏಲಮಿನ ಸಂಜೆ ಚಪ್ಪರದಡಿ ಹೋಗಿ ಕುಳಿತರು.

ಮಂಗಳೂರಿನ ಹೋಟೆಲಿನವರೊಬ್ಬರು ಬಂದಿದ್ದರು. ತಮ್ಮ ಹೋಟೆಲಿನ ಬಾಗಿಲಲ್ಲಿ ಅಲಂಕಾರಕ್ಕಿಡಲು ಅವರಿಗೆ ಮುಡಿಗಳೇ ಬೇಕಿತ್ತು. ಬಂದ ಮುಡಿಗಳನ್ನೆಲ್ಲ ಒಂದೊಂದಾಗಿ ಅವರೇ ಬಾಚಿಕೊಂಡರು. ಮುಂಡಪ್ಪ ಕಟ್ಟಿದ ಮುಡಿ ಏಲಮಿಗೆ ಬಂದಾಗ ಅದರ ಅಂದ ನೋಡಿ ಅವರ ಕಣ್ಣು ಅರಳಿತು. ಅಕ್ಷಿತಾ ರೇಟು ಕೂಗಿದಳು, ಅವರು ಏರಿಸಿದರು. ಅವಳು ಮತ್ತೆ ಏರಿಸಿದಳು, ಅವರು ನಗುತ್ತ ಇನ್ನೂ ಮೇಲೆ ಹೋದರು. ತನ್ನಲ್ಲಿದ್ದುದೆಲ್ಲ ಮುಗಿದಾಗ ಅವಳು ಕೈ ಕೆಳಗಿಳಿಸಿದಳು. ಮಿಜಾರಿನ ಬಯಲು, ಕೆಂಪು ಧೂಳು, ತಿರುವಿನಲ್ಲಿ ಹಿಂದಿನ ಚಕ್ರ ಜಾರುವಾಗಿನ ಆ ಪುಳಕ, ಎಲ್ಲ ಇಲ್ಲಿಗೆ ಮುಗಿಯಿತು ಎಂದುಕೊಂಡಳು. ಏಲಮಿನವರು ಒಂದು ಸಾರಿ ಎಂದರು, ಎರಡು ಸಾರಿ ಎಂದರು.

ಪ್ರಫುಲ್ಲಾ ಎದ್ದರು. ನೇರ ಹೋಗಿ ಮೈಕು ಇಸಿದುಕೊಂಡರು.

"ಅದರಲ್ಲಿ ಅಕ್ಕಿ ಇಲ್ಲ," ಎಂದರು. "ನನ್ನ ಸೊಸೆಯ ರೇಸು ಕಾರಿನ ಸ್ಪ್ರಿಂಗು ಉಂಟು. ಗೊತ್ತಿಲ್ಲದೆ ಕೊಟ್ಟವಳು ನಾನು. ಅವಳು ಮಿಜಾರಿಗೆ ಹೋಗುವುದು ಕೋರ್ಸಿಗೆ ಅಲ್ಲ, ರೇಸಿಗೆ. ಚೆಂದ ಬಿಡ್ತಾಳೆ ಅಂತೆ. ಅದು ಸಿಗದಿದ್ದರೆ ಅವಳ ಆಟ ನಿಲ್ತದೆ. ದೇವರಿಗೆ ಅಕ್ಕಿ ನಾಳೆಯೇ ಬೇರೆ ಮುಡಿ ಕಟ್ಟಿಸಿ ಕೊಡ್ತೇನೆ."

ಹೋಟೆಲಿನವರು ಅವರಿಗೆ ಕೈಮುಗಿದು ಹಿಂದೆ ಸರಿದರು. ಸಮಿತಿಯವರು ತಮ್ಮೊಳಗೆ ಪಿಸುಗುಟ್ಟಿ, ಇನ್ಯಾರೂ ಕೂಗುವುದು ಬೇಡ, ಮೊದಲು ಕೂಗಿದ ರೇಟಿಗೇ ಪ್ರಫುಲ್ಲಕ್ಕನಿಗೆ ಕೊಡುವ ಎಂದು ತೀರ್ಮಾನಿಸಿದರು. ಅಕ್ಷಿತಾ ಎದ್ದು ಅತ್ತೆಯ ಕೈ ಹಿಡಿದುಕೊಂಡಳು.

ಆಗ ಹಿಂದಿನ ಸಾಲಿನಿಂದ ಯಾರೋ ಅದರ ಎರಡರಷ್ಟು ಕೂಗಿದರು. ಎಲ್ಲರೂ ತಿರುಗಿದರು. ಕೂಗಿದವರು ಮುಂಡಪ್ಪ.

ನಿಮಗೆ ಮಂಡೆ ಸಮ ಉಂಟಾ ಎಂದು ಪ್ರಫುಲ್ಲಾ ಮೈಕಿನಲ್ಲೇ ಕೇಳಿದರು.

"ಮುಡಿ ಕಟ್ಟಿದ್ದು ನಾನು, ಒಳಗಿರುವುದು ಸೊಸೆಯ ಸಾಮಾನು," ಎಂದರು ಮುಂಡಪ್ಪ. "ಪಾಪ ಅಂತ ಯಾರೋ ಬಿಟ್ಟುಕೊಟ್ಟ ರೇಟಿಗೆ ಅದು ಹೋಗುವುದು ಬೇಡ."

ಪ್ರಫುಲ್ಲಾ ಒಂದು ಕ್ಷಣ ಗಂಡನನ್ನು ದುರುಗುಟ್ಟಿ ನೋಡಿ, ಅದರ ಮೇಲೆ ಇನ್ನಷ್ಟು ಏರಿಸಿದರು. ಮುಂಡಪ್ಪ ಮತ್ತೆ ಕೂಗಿದರು. ಒಂದೇ ಪೆಟ್ಟಿಗೆಯ ದುಡ್ಡಿನಿಂದ ಗಂಡಹೆಂಡಿರು ಪೈಪೋಟಿಗೆ ಬಿದ್ದದ್ದನ್ನು ಕಂಡು ಚಪ್ಪರವಿಡೀ ನಗೆಯಲ್ಲಿ ಮುಳುಗಿತು. ಅಕ್ಷಿತಾ ನಗುತ್ತಲೇ ಕಣ್ಣೊರೆಸಿಕೊಂಡಳು. ಈ ಊರಿನಲ್ಲಿ ಇನ್ನು ತಾನು ಕದ್ದು ರೇಸಿಗೆ ಹೋಗಬೇಕಾಗಿಲ್ಲ ಎಂಬುದು ಅವಳಿಗೆ ರೇಸು ಗೆಲ್ಲುವುದಕ್ಕಿಂತ ದೊಡ್ಡ ಸಂತೋಷವಾಗಿತ್ತು.