ತಂಗಿಗಾಗಿ ಒಂದು ಪ್ರಾರ್ಥನೆ

ಕಾಲರಿನ ಎಡತುದಿ ಬಲತುದಿಗಿಂತ ಒಂದೆಳೆಯಷ್ಟು ಉದ್ದ, ಬೇರೆ ಯಾರ ಕಣ್ಣಿಗೂ ಬೀಳದು, ಇವಳ ಕಣ್ಣಿಗೆ ಬಿತ್ತು, ಬೀಳದೆ ಇರುತ್ತದೆಯೇ, ಇಷ್ಟು ವರ್ಷ ಈ ಮೇಜಿನ ಮುಂದೆ ನಿಂತು ತಪ್ಪು ಹುಡುಕಿಯೇ ಅನ್ನ ತಿಂದವಳು — ಬೆರಳು ತಾನಾಗಿ ಸ್ಟಿಕ್ಕರ್ ಹಾಳೆಗೆ ಹೋಯಿತು, ಕೆಂಪು ಬಾಣವೊಂದನ್ನು ಕಿತ್ತು, ತಪ್ಪಿನ ಕಡೆಗೆ ಮೊನೆ ಮಾಡಿ ಅಂಟಿಸಿತು, ಅಂಗಿ ಪಕ್ಕದ ಬುಟ್ಟಿಗೆ, ಅಲ್ಲಿಂದ ಹೊಲಿದವಳ ಮಡಿಲಿಗೆ, ಬಿಚ್ಚು, ಮತ್ತೆ ಹೊಲಿ. ಅದಕ್ಕೇ ಫ್ಯಾಕ್ಟರಿಗೆಲ್ಲ ಇವಳು ಬಾಣದಕ್ಕ. ಬಾಣದಕ್ಕ ಬಂದ್ಲು, ಬೆನ್ನು ನೋಡ್ಕೊಳ್ರೇ, ನಮಗೂ ಒಂದು ಅಂಟಿಸಿಬಿಟ್ಟಾಳು, ಎಂದು ಗುಂಡಿ ಹಾಕುವ ಮಿಷನ್ನಿನ ಗುಂಡಿಯಮ್ಮ ಎಲ್ಲರನ್ನೂ ನಗಿಸುತ್ತಾಳೆ, ಇವಳಿಗೂ ನಗು ಬರುತ್ತಿತ್ತು, ಒಳಗೊಳಗೆ ಹೆಮ್ಮೆಯೂ, ಇವತ್ತು ಎರಡೂ ಬರಲಿಲ್ಲ, ಯಾಕೆಂದರೆ ಈ ಕಾಲರು ತಂಗಿ ಹೊಲಿದದ್ದು. ಅಗೋ ಅಲ್ಲಿ, ಕಿಟಕಿ ಪಕ್ಕದ ಮಿಷನ್ನು, ಇಲ್ಲಿಂದ ಬೆನ್ನು ಮಾತ್ರ ಕಾಣುತ್ತದೆ, ಜಡೆ ಸುತ್ತಿ ಕಟ್ಟಿದ ಕತ್ತು, ಬೆಳಗಿನಿಂದ ಒಂದು ಸಲವೂ ಇತ್ತ ತಿರುಗಿಲ್ಲ, ತಿರುಗುವುದೂ ಇಲ್ಲವೇನೋ. ಸಂಜೆ ಗಂಟೆ ಹೊಡೆದ ಮೇಲೆ ನಾನೂ ಮಗೂನೂ ಹೊರಡ್ತೀವಿ, ರೂಮು ನೋಡಿದ್ದೀನಿ, ಎಂದಿದ್ದಳು ಚಪ್ಪಲಿ ಮೆಟ್ಟುತ್ತ, ಗೋಡೆಗೆ ಹೇಳುವ ಹಾಗೆ. ಅಮ್ಮ ತೀರಿಹೋದ ದಿನದಿಂದ ಸೆರಗಿಗೆ ಕಟ್ಟಿಕೊಂಡು ಸಾಕಿದ ತಂಗಿ, ಗಂಡ ಹೋದ ಮೇಲೆ ಹಸುಗೂಸನ್ನು ಎತ್ತಿಕೊಂಡು ಬಂದವಳು, ಈಗ ರೂಮು ನೋಡಿದ್ದಾಳಂತೆ, ಸಂಜೆ ಮನೆಗೆ ಹೋದರೆ ಮೊಳೆಯಲ್ಲಿ ಆ ಪುಟ್ಟ ಫ್ರಾಕು ಇರುವುದಿಲ್ಲ, ಮೊಳೆ ಇರುತ್ತದೆ.

ಮುಂದಿನ ಅಂಗಿ, ತೋಳು ಸರಿ, ಪಟ್ಟಿ ಸರಿ — ಇಷ್ಟಕ್ಕೂ ನಾನು ಮಾಡಿದ್ದೇನು, ಪ್ರಾರ್ಥನೆ ತಾನೆ, ಪ್ರಾರ್ಥನೆ ಮಾಡಿಸಿದ್ದು ತಪ್ಪಾಗುತ್ತದೆಯೇ. ಚರ್ಚಿನ ಹೆಂಗಸರ ಕೂಟದಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿ, ಪಾಸ್ಟರಮ್ಮ ಒಬ್ಬೊಬ್ಬರನ್ನೇ ಕೇಳುತ್ತ ಬಂದರು, ನಿಮಗೋಸ್ಕರ ಏನು ಬೇಡ್ಕೊಳ್ಳೋಣಮ್ಮಾ, ಒಬ್ಬಳದು ಮಂಡಿನೋವು, ಒಬ್ಬಳದು ಮಗನ ಪರೀಕ್ಷೆ, ಇವಳ ಸರದಿ ಬಂತು, ನನಗೋಸ್ಕರ ಏನೂ ಬೇಡಮ್ಮ, ಕರ್ತನು ಬೇಕಾದಷ್ಟು ಕೊಟ್ಟಿದ್ದಾನೆ, ನನ್ನ ತಂಗಿಗೋಸ್ಕರ ಬೇಡ್ಕೊಳ್ಳಿ, ಕೋಪ ಅವಳನ್ನ ಹಿಡಿದುಬಿಟ್ಟಿದೆ, ಹೆತ್ತ ಮಗೂ ಮೇಲೇ ಕೈ ಮಾಡ್ತಾಳೆ. ಅಯ್ಯೋ, ಅಯ್ಯೋ ಪಾಪ, ನಿಮಗೆಷ್ಟು ಭಾರ — ಯಾರದೋ ಅಂಗೈ ಬೆನ್ನ ಮೇಲೆ ಬಂತು, ಕಣ್ಣಲ್ಲಿ ನೀರೂ ಬಂತು, ನಿಜವಾದ ನೀರೇ, ಆದರೂ ಎದೆಯಲ್ಲಿ ಬಿಸಿ ಹಾಲು ಕುಡಿದಷ್ಟು ಹಿತ, ಯಾಕೆ ಅಷ್ಟು ಹಿತ. ತಂಗಿ ಹೇಳಿಕೊಂಡದ್ದು ಪಾತ್ರೆ ತೊಳೆಯುವಾಗ, ಮೊಣಕೈವರೆಗೆ ಸೋಪಿನ ನೊರೆ, ತಲೆ ಎತ್ತದೆ, ಮಗೂಗೆ ಹೊಡೆದುಬಿಟ್ಟೆ ಅಕ್ಕಾ, ಕೈ ನಂದೇ ಅಲ್ಲ ಅನ್ನಿಸ್ತು, ನನ್ನ ಕಂಡ್ರೆ ನಂಗೇ ಭಯ, ಯಾರಿಗೂ ಹೇಳ್ಬೇಡ. ಯಾರಿಗೂ ಹೇಳಲಿಲ್ಲ, ದೇವರಿಗೆ ಹೇಳಿದೆ, ದೇವರ ಸುತ್ತ ಅಷ್ಟು ಕುರ್ಚಿಗಳಿದ್ದವು, ಅಷ್ಟೆ. ಅದೇ ಕೂಟದಲ್ಲಿ ಕೂತಿದ್ದ ಆ ಗುಂಡಿಯಮ್ಮನಿಗಾದರೂ ಬಾಯಿ ಬಿಗಿ ಹಿಡಿಯಲು ಬರಬೇಡವೇ, ಒಳ್ಳೆಯ ಮನಸ್ಸೇ, ಒಳ್ಳೆಯ ಮನಸ್ಸಿನಿಂದಲೇ ನೀರಿನ ನಲ್ಲಿಯ ಹತ್ತಿರ ಎಲ್ಲರೂ ಬಾಟಲಿ ಹಿಡಿದು ನಿಂತಿದ್ದಾಗ ತಂಗಿಯನ್ನೇ ಕೇಳಿದಳು, ನಿಂಗೋಸ್ಕರ ದಿನಾ ಮೊಣಕಾಲೂರ್ತಿದ್ದೀನಿ ಕಣೇ, ಮಗೂಗೆ ಹೊಡೆಯೋದು ಕಮ್ಮಿ ಆಯ್ತಾ? ತಂಗಿಯ ಬಾಟಲಿ ತುಂಬಿ ಹರಿಯಿತು, ಕೈ ತೋಯ್ದು, ಸೀರೆ ತೋಯ್ದು, ಅವಳು ನಲ್ಲಿ ನಿಲ್ಲಿಸಲೇ ಇಲ್ಲ. ಮನೆಗೆ ಬಂದು ಒಂದೇ ಮಾತು, ನನ್ನ ಬಿಚ್ಚಿ ಎಲ್ರ ಮುಂದೆ ಹರವಿದೆಯಲ್ಲ ಅಕ್ಕಾ. ಅಂಗಿಯ ಹಾಗೆ — ಕರ್ತನೇ, ಅವಳ ಮನಸ್ಸನ್ನು ಬದಲಿಸು, ಅವಳ ಕೋಪವನ್ನು, ಅವಳ ಹಟವನ್ನು, ಅವಳ — ಯಾವಾಗಲೂ ಅವಳ ಎಂದೇ ಶುರುವಾಗುತ್ತದೆ ಈ ಪ್ರಾರ್ಥನೆ, ಆಡಿ ಆಡಿ ನುಣುಪಾಗಿದೆ ನಾಲಗೆಯ ಮೇಲೆ. ಮೊನ್ನೆ ಭಾನುವಾರ ಪಾಸ್ಟರು ತನ್ನನ್ನು ತಾನು ತಗ್ಗಿಸಿಕೊಳ್ಳುವುದರ ಬಗ್ಗೆ ಹೇಳುತ್ತಿದ್ದರು, ಹೇಳುತ್ತಿದ್ದಷ್ಟು ಹೊತ್ತೂ ಇವಳು ತಂಗಿಯ ಪಕ್ಕೆಗೆ ತಿವಿಯುತ್ತಿದ್ದಳು, ಕೇಳಿಸ್ಕೋ, ಕೇಳಿಸ್ಕೋ ಚೆನ್ನಾಗಿ, ಹಾಗೆ ತಿವಿಯುತ್ತ ತಾನೊಂದು ಮಾತೂ ಕೇಳಿಸಿಕೊಳ್ಳಲಿಲ್ಲ, ಈಗ ನೆನಪು ಮಾಡಿಕೊಂಡರೆ ಬೆರಳತುದಿಗೆ ಪಕ್ಕೆಲುಬು ನೆನಪಿದೆ, ಉಪದೇಶ ನೆನಪಿಲ್ಲ.

ಜೇಬಿನ ಹೊಲಿಗೆ ಬಿಟ್ಟಿದೆ, ಬಾಣ — ಬೆಳಿಗ್ಗೆ ಬಾಚಣಿಗೆಗೆಂದು ಗೂಡಿನ ಕಡೆ ಕೈ ಎತ್ತಿದ್ದಷ್ಟೆ, ಮುಂದೆ ಕೂತಿದ್ದ ಮಗು ಥಟ್ಟನೆ ಮೊಣಕೈ ಎತ್ತಿ ಮುಖ ಮುಚ್ಚಿಕೊಂಡಿತು, ಸಣ್ಣ ಮೊಣಕೈ, ಗಾಯದ ಹಕ್ಕಳೆ ಒಣಗುತ್ತಿದ್ದದ್ದು. ನೋಡು, ನೋಡೇ, ಏನು ಮಾಡಿಟ್ಟಿದ್ದೀಯ ಕೂಸನ್ನ, ಎಂಬ ಮಾತು ಇವಳ ನಾಲಗೆಯ ತುದಿಗೆ ಬಂದಿತ್ತು, ತಂಗಿಯ ಕಡೆಗೆ ಮೊನೆ ಮಾಡಿಕೊಂಡು, ಆದರೆ ತಂಗಿ ಅಲ್ಲಿರಲಿಲ್ಲ, ಅಡುಗೆಮನೆಯಲ್ಲಿದ್ದಳು, ಆ ಕೋಣೆಯಲ್ಲಿ ಇದ್ದದ್ದು ಮಗು ಮತ್ತು ಈ ಕೈ. ತಂಗಿಗೆ ಓವರ್‌ಟೈಮ್ ಇದ್ದ ಸಂಜೆಗಳಲ್ಲಿ ಮಗುವಿಗೆ ಬೈಬಲಿನ ವಾಕ್ಯ ಬಾಯಿಪಾಠ ಮಾಡಿಸುವವಳು ಇವಳೇ, ತಪ್ಪಿದರೆ ಅಡಿಕೋಲು, ಬೆರಳ ಗೆಣ್ಣಿನ ಮೇಲೆ, ಮೆಲ್ಲಗೆ, ಅಷ್ಟೇನೂ ಮೆಲ್ಲಗಲ್ಲ, ಅದು ಹೊಡೆಯೋದಲ್ಲ ಪುಟ್ಟೀ, ತಿದ್ದೋದು, ಬಿಕ್ಕುತ್ತ ಬಿಕ್ಕುತ್ತ ಮಗು ಒಪ್ಪಿಸಿತ್ತು, ತಾಳ್ಮೆಯ ಮೇಲಿನ ವಾಕ್ಯ ಅದು, ಒಂದಕ್ಷರ ತಪ್ಪದೆ, ಶಭಾಷ್ ಎಂದಿದ್ದಳು. ಕೂಟದಲ್ಲಿ ಅಡಿಕೋಲಿನ ಸುದ್ದಿ ಯಾಕೆ ಬರಲಿಲ್ಲ, ಬಾಯಿಗೆ ಬಂದಿರಲೇ ಇಲ್ಲ, ಮುಚ್ಚಿಟ್ಟದ್ದೂ ಅಲ್ಲ, ಕಂಡೇ ಇರಲಿಲ್ಲ. ಅಜ್ಜಿಯ ಕಥೆಯೊಂದರಲ್ಲಿ ರಾಕ್ಷಸಿಯೊಬ್ಬಳು ದಿನಾ ಡಂಗುರ ಬಾರಿಸಿಕೊಂಡು ಬೀದಿ ಬೀದಿ ಸುತ್ತುತ್ತಿದ್ದಳಂತೆ, ಬಾಗಿಲು ಹಾಕ್ಕೊಳ್ರಪ್ಪೋ, ಊರಿಗೆ ರಾಕ್ಷಸಿ ಬಂದಿದ್ದಾಳೆ, ಬಾಗಿಲು ಹಾಕಿದ ಮನೆಗಳನ್ನು ನೋಡಿ ಬಿಕ್ಕಿ ಅಳುತ್ತಿದ್ದಳಂತೆ, ನನ್ನ ಯಾರೂ ಒಳಗೆ ಕರೆಯೋರಿಲ್ಲವಲ್ಲಾ ಅಂತ, ಆಗ ಹೊಟ್ಟೆ ಹಿಡಿದುಕೊಂಡು ನಕ್ಕವಳು ಇವಳೇ, ತಂಗಿ ನಗುತ್ತಿರಲಿಲ್ಲ, ಪಾಪ ಅಜ್ಜೀ ಅವಳು, ಎನ್ನುತ್ತಿದ್ದಳು.

ಊಟದ ಗಂಟೆ. ಒಂದೊಂದಾಗಿ ಮಿಷನ್ನುಗಳು ನಿಂತವು, ಕಿಟಕಿ ಪಕ್ಕದ್ದು ನಿಲ್ಲಲಿಲ್ಲ, ಇವಳ ಕಾಲು ಅತ್ತ ನಡೆಯಿತು, ಇವಳೇ ನಡೆಸಿದಳೋ ಅದೇ ನಡೆಯಿತೋ, ನಿನ್ನ ಒಳ್ಳೇದಕ್ಕೇ ಹೇಳಿದ್ದು ಎಂದು ಶುರು ಮಾಡಬೇಕು, ಬೇಡ, ಬೇಸರ ಆಗಿದ್ರೆ ಕ್ಷಮಿಸು ಎನ್ನಬೇಕು, ಆಗಿದ್ರೆ ಏನು ಆಗಿದ್ರೆ, ಬೇಡ, ಕರ್ತನೇ ನನ್ನ — ಅವಳ ಎಂಬ ಪದದ ಜಾಗದಲ್ಲಿ ನನ್ನ ಎಂದು ಇಟ್ಟರೆ ಮುಂದಿನ ಮಾತೇ ಸಿಗುತ್ತಿಲ್ಲ, ನಾಲಗೆಗೆ ರೂಢಿಯಿಲ್ಲ. ಗುಂಡಿಯಮ್ಮ ಡಬ್ಬಿ ಬಿಚ್ಚುತ್ತಿದ್ದಾಳೆ, ಕೂಟದ ಇನ್ನಿಬ್ಬರೂ ಇಲ್ಲೇ ಇದ್ದಾರೆ, ಇರಲಿ, ಅವರ ಮುಂದೆಯೇ ಹರವಿದ್ದು ತಾನೆ. ನಾನು ತಪ್ಪು ಮಾಡ್ದೆ ಕಣೇ, ಎಂದಳು, ನಿಂದನ್ನ ಕೂಟದಲ್ಲಿ ಹೇಳ್ದೆ, ನಂದನ್ನ ಹೇಳ್ಲಿಲ್ಲ, ನಾನೂ ಮಗೂಗೆ ಹೊಡೀತೀನಿ, ಅಡಿಕೋಲಲ್ಲಿ, ನೀನಿಲ್ದೇ ಇದ್ದಾಗ. ಗುಂಡಿಯಮ್ಮನ ಡಬ್ಬಿಯ ಮುಚ್ಚಳ ನೆಲಕ್ಕೆ ಬಿತ್ತು, ಸುತ್ತಿತು, ಸುತ್ತಿ ಮಲಗಿತು. ಮಿಷನ್ನು ನಿಂತಿತು. ಗೊತ್ತು, ಎಂದಳು ತಂಗಿ, ತಿರುಗದೆ, ಮಗು ಹೇಳಿದೆ, ನಲ್ಲಿ ಹತ್ರ ಮಾನ ಹೋಯ್ತು ಅಂತ ಹೊರಟಿದ್ದೀನಿ ಅಂದ್ಕೊಂಡ್ಯಾ, ಅದಕ್ಕಲ್ಲ ಅಕ್ಕಾ, ನನ್ನ ಕೈ ನಿನ್ನ ಕೈ ಥರಾನೇ ಆಗ್ತಿದೆ, ಅದಕ್ಕೆ. ಕುಟುಕಿ ಹೇಳಲಿಲ್ಲ, ನೂಲು ಕತ್ತರಿಸುತ್ತ ಹೇಳಿದಳು, ಅದೇ ಇರಿಯಿತು, ಅವಳ ಕೂದಲಿನಲ್ಲಿ ಬಿಳಿ ನೂಲಿನ ತುಂಡೊಂದು ಸಿಕ್ಕಿಕೊಂಡಿದೆ, ತೆಗೆಯೋಣ ಎನ್ನಿಸಿತು, ಅಷ್ಟೆ, ಅಷ್ಟೇ ಎನ್ನಿಸಿದ್ದು, ಇವಳು ಕೈ ಎತ್ತಿದಳು — ತಂಗಿ ಥಟ್ಟನೆ ಮೊಣಕೈ ಎತ್ತಿ ಮುಖ ಮುಚ್ಚಿಕೊಂಡಳು. ಹೆತ್ತವಳು, ದುಡಿಯುವವಳು, ಇಷ್ಟೆತ್ತರದ ಹೆಂಗಸು. ಆಮೇಲೆ ನಾಚಿ ಅದನ್ನು ಇಳಿಸಲು ಹೋದಳು, ಇಳಿಯಲಿಲ್ಲ. ಇವಳ ಕೈ ಗಾಳಿಯಲ್ಲಿ, ಅದರ ಕೆಳಗೆ ಆ ಮೊಣಕೈ, ಮಡಚಿದ್ದು, ಕಾಯುತ್ತಿರುವುದು, ಆ ಮೊಣಕೈ, ಮೊಣಕೈ —