ಮನಸ್ಸು ಬರಲಿ ಅಂತ ಕಾಯಲಿಲ್ಲ

ನಾನು ಚಲುವಮ್ಮ, ಜಾವಗಲ್ ಹತ್ತಿರದ ಹಳ್ಳಿಯವಳು. ಮಗಳ ಕಾಯಿಲೆಯನ್ನು ಊರಿಗೆಲ್ಲ ಯಾಕೆ ಹೇಳಿಕೊಂಡು ತಿರುಗುತ್ತೀಯ ಎಂದು ನೆಂಟರು ಕೇಳುತ್ತಾರೆ. ಹೇಳಿಯೇ ಹೇಳುತ್ತೇನೆ. ಮುಚ್ಚಿಟ್ಟು ಮೂರು ತಿಂಗಳು ಹಾಳು ಮಾಡಿದವಳು ನಾನೇ.

ಹರ್ಷಿತಾಗೆ ಹದಿನಾರು ವರ್ಷ, ಮೊದಲ ಪಿಯುಸಿ. ದಸರಾ ರಜೆ ಮುಗಿದರೂ ಕಾಲೇಜಿಗೆ ಹೋಗಲಿಲ್ಲ. ಊಟ ಬೇಡ, ಸ್ನಾನ ಬೇಡ. ಗೆಳತಿ ಮೇಧಿನಿ ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಓದಿ ದಣಿದಿದ್ದಾಳೆ ಎಂದುಕೊಂಡು ನಾನು ಬಾಣಂತಿಗೆ ಮಾಡುವ ಹಾಗೆ ಆರೈಕೆ ಮಾಡಿದೆ. ಕಿಟಕಿ ಮುಚ್ಚಿದೆ, ಊಟ ಹಾಸಿಗೆಗೇ ತಂದುಕೊಟ್ಟೆ, ಒಂದು ಲೋಟ ತೊಳೆಯಲೂ ಬಿಡಲಿಲ್ಲ. ಅವಳು ಇನ್ನಷ್ಟು ಕುಗ್ಗಿದಳು. ಒಂದು ದಿನ, "ನಾನಿದ್ದು ಏನಮ್ಮ ಉಪಯೋಗ?" ಅಂದಳು. ಅವತ್ತೇ ಅವಳನ್ನು ಕರೆದುಕೊಂಡು ಅರಸೀಕೆರೆ ಆಸ್ಪತ್ರೆಗೆ ಹೊರಟೆ.

ನಮ್ಮ ಯಜಮಾನರು ಉಗ್ರಪ್ಪ ಬಾಗಿಲಿಗೆ ಅಡ್ಡ ನಿಂತರು. "ಹುಚ್ಚು ಹಿಡಿದೈತೆ ಅಂತ ಸುದ್ದಿಯಾದ್ರೆ ನಾಳೆ ಹೆಣ್ಣು ಕೇಳೋಕೆ ಯಾರು ಬತ್ತಾರೆ?"

"ಯಾರೂ ಬರೋದು ಬ್ಯಾಡ. ನಂಗೆ ಮಗಳು ಬೇಕು. ಸರ್ಕೊಳ್ಳಿ."

ಗೊಣಗುತ್ತಲೇ ಅವರೂ ಬಸ್ಸು ಹತ್ತಿದರು.

ಡಾಕ್ಟರು ನೋಡಿ, ಇದು ಖಿನ್ನತೆ ಅಂದರು. ಆಪ್ತ ಸಮಾಲೋಚಕಿ ಅರುಣಾ ಮಗಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ಆಮೇಲೆ ನಮ್ಮನ್ನೂ ಒಳಗೆ ಕರೆದರು.

"ಇದು ಮಲಗಿದ್ರೆ ವಾಸಿಯಾಗೋ ಕಾಯಿಲೆ ಅಲ್ಲ ಚಲುವಮ್ಮ. ಮಲಗಿದಷ್ಟೂ ಮನಸ್ಸು ಕುಗ್ಗುತ್ತೆ, ಕುಗ್ಗಿದಷ್ಟೂ ಮಲಗೋಣ ಅನ್ಸುತ್ತೆ. ಮನಸ್ಸು ಬಂದ ಮೇಲೆ ಏಳ್ತೀನಿ ಅಂದ್ರೆ ಅದು ಬರಲ್ಲ. ಮೊದಲು ಏಳ್ಬೇಕು, ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತೆ."

"ಅಂಗಾದ್ರೆ ನಾಳೆಯಿಂದ ಸಗಣಿ ಬಾಚೋಕೆ ಹಚ್ತೀನಿ ಬಿಡಿ" ಅಂದರು ಯಜಮಾನರು.

"ಅದು ನಿಮ್ಮ ಕೆಲಸ ಯಜಮಾನ್ರೇ. ಏನು ಮಾಡ್ಬೇಕು ಅಂತ ಆರಿಸೋಳು ಅವಳು. ಹರ್ಷಿತಾ, ಮೊದ್ಲು ನಿಂಗೆ ಏನು ಇಷ್ಟ ಇತ್ತು?"

"ಮೇಧಿನಿ ಜೊತೆ ಡೇರಿಗೆ ಹಾಲು ಹಾಕೋಕೆ ಹೋಗ್ತಿದ್ದೆ" ಅಂದಳು.

ಬೆಳಿಗ್ಗೆ ಆರೂವರೆ ಎಂದು ಹೊತ್ತು ಗೊತ್ತು ಮಾಡಿ ನೋಟ್‌ಬುಕ್ಕಿನಲ್ಲಿ ಬರೆಸಿದರು. ಎದ್ದು ಹೋಗುವ ಮುಂಚೆ ಮನಸ್ಸು ಹೇಗಿತ್ತು, ಬಂದ ಮೇಲೆ ಹೇಗಿದೆ, ಅದನ್ನೂ ಬರೆಯಬೇಕು. ಮೊದಲ ದಿನ ಅಂಗಳದವರೆಗೆ ಬಂದಳು. ಮೂರನೇ ದಿನ ಬೀದಿ ತಿರುವಿನವರೆಗೆ. ಐದನೇ ದಿನ ಏಳಲೇ ಇಲ್ಲ. ನಾನು ಅಳುತ್ತಾ ಫೋನ್ ಮಾಡಿದೆ. "ಬೈಬೇಡಿ, ಕೆಲಸ ಇನ್ನೂ ಚಿಕ್ಕದು ಮಾಡಿ. ಇವತ್ತು ಮುಖ ತೊಳೆದ್ರೆ ಸಾಕು" ಅಂದರು ಅರುಣಾ. ಮುಖ ತೊಳೆದಳು. ಅದನ್ನೂ ಬರೆದಳು.

ಮೂರನೇ ವಾರ ಮೇಧಿನಿ, ನಾನು, ಅವಳು ಡೇರಿ ಮುಟ್ಟಿದೆವು. ಸಾಲಿನಲ್ಲಿ ನಿಂತಿದ್ದ ಪಕ್ಕದ ಮನೆ ದ್ಯಾವಮ್ಮ ಎಲ್ಲರಿಗೂ ಕೇಳುವ ಹಾಗೆ, "ಹುಸಾರಿಲ್ಲದ ಮಗೀನ ಕೈಲಿ ಹಾಲು ಹೊರುಸ್ತೀಯಲ್ಲ ಚಲುವಿ, ನೀನೂ ಒಬ್ಳು ತಾಯಾ?" ಅಂದಳು.

ನನಗಿಂತ ಮೊದಲು ಹರ್ಷಿತಾ ಬಾಯಿ ತೆಗೆದಳು. "ಅಮ್ಮ ಹೊರಿಸಿಲ್ಲ ಅಜ್ಜಿ. ನಂಗೆ ಖಿನ್ನತೆ ಅಂತ ಕಾಯಿಲೆ, ಔಷಧಿ ಥರ ಇದನ್ನ ಮಾಡ್ತಿದೀನಿ. ಇವತ್ತೂ ಏಳೋಕೆ ಮನಸ್ಸಿರಲಿಲ್ಲ. ಆದ್ರೂ ಬಂದೆ. ಸ್ವಲ್ಪ ಮುಂದೆ ಹೋಗಿ, ಸಾಲು ನಿಂತೋಗಿದೆ."

ಆ ಮಾತು ನಮಗಿಂತ ಮುಂಚೆ ಮನೆ ತಲುಪಿತ್ತು. ಸಂಜೆ ಅಂಗಡಿ ಮುಂದೆ ಊರಿನ ಗಿಡ್ಡಯ್ಯ ಮಗಳ ವಿಷಯ ಎತ್ತಿ ಕೆಣಕಿದಾಗ ನಮ್ಮ ಯಜಮಾನರು, "ಹೂಂ ಕಣ್ಲಾ, ಆಸ್ಪತ್ರೆಗೆ ತೋರಿಸ್ತಾ ಇದೀವಿ. ಏನೀಗ?" ಅಂದರಂತೆ. ಮಗಳು ಈಗ ವಾರದಲ್ಲಿ ನಾಲ್ಕು ದಿನ ಕಾಲೇಜಿಗೆ ಹೋಗುತ್ತಾಳೆ. ಕೆಟ್ಟ ದಿನಗಳು ಇನ್ನೂ ಬರುತ್ತವೆ, ಬರಲಿ, ನಾವೂ ಇದ್ದೇವೆ.

ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯ ಮಗು ಎರಡು ವಾರದಿಂದ ಮಂಕಾಗಿದ್ದರೆ ಸೋಮಾರಿ ಅನ್ನಬೇಡಿ, ಬಚ್ಚಿಡಲೂ ಬೇಡಿ. ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಮಾತ್ರೆ ಬರೆದುಕೊಟ್ಟರೆ ತಪ್ಪಿಸಬೇಡಿ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಅವತ್ತೇ ಕರೆದುಕೊಂಡು ಹೋಗಿ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಇದೆ, ಅದರ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆಯಾಗಿ ಫೋನ್ ಮಾಡಬಹುದು. ಊರವರು ಆಡಿಕೊಳ್ಳುತ್ತಾರೆಯೇ? ಆಡಿಕೊಳ್ಳಲಿ. ಅವರ್ಯಾರೂ ಬಂದು ನಿಮ್ಮ ಮಗುವನ್ನು ಎಬ್ಬಿಸುವುದಿಲ್ಲ. ನೀವು ಹೋಗಿ ಕೈ ಕೊಡಿ.