ಹೆಬ್ಬಾತಿನ ಸಲ್ಲೇಖನ

ಜಮಖಂಡಿಯ ಪೇಟೆಯಲ್ಲಿ ನೂಲು ಮಾರುತ್ತಿದ್ದ ಸುಪಾರ್ಶ್ವಪ್ಪನವರು ನಡೆಯುವಾಗ ತಲೆ ಎತ್ತಿದ್ದನ್ನು ನಾನು ಕಂಡಿಲ್ಲ. ಮೊಣಕಾಲಿಗಿಳಿಯುವ ಕರಿಯ ಕೋಟು, ಯಾವ ಬಿಸಿಲಿಗೂ ಬಿಚ್ಚದ ಅದರ ಗುಂಡಿಗಳು, ಮುಂದಿನ ಹೆಜ್ಜೆ ಬೀಳಲಿರುವ ನೆಲದ ಮೇಲೆ ನೆಟ್ಟ ಕಣ್ಣು. ಇರುವೆಯ ಸಾಲು ಎದುರಾದರೆ ಅದು ದಾಟಿ ಮುಗಿಯುವ ತನಕ ನಡುಬೀದಿಯಲ್ಲೇ ನಿಲ್ಲುವರು. ಅವರ ಹಿಂದೆ ಸಿಕ್ಕಿಕೊಂಡ ಸಂಸ್ಥಾನದ ಕಾರಕೂನರು ಕಚೇರಿಗೆ ತಡವಾಗಿ ಹೋಗಿ ಬೈಸಿಕೊಂಡದ್ದುಂಟು. ನೆರೆಮನೆಯವನಾದ ನಾನು ಕೆಣಕಿದರೆ ಒಂದೇ ಉತ್ತರ: "ಅದೂ ಜೀವಽನ ಅಲ್ಲೇನ್ರಿ?"

ಮಕ್ಕಳಿಲ್ಲದ ಆ ವಿಧುರರ ಹಿಂದೆ ಸದಾ ಒಂದು ಬಿಳಿಯ ಹೆಬ್ಬಾತು ನಡೆಯುತ್ತಿತ್ತು. ಮುಂದಿನ ಇರುವೆಯನ್ನು ಕಾಯುವ ಕಣ್ಣಿಗೆ ಹಿಂದಿನ ಬಾತು ಬೀಳಲಿಲ್ಲ. ಒಂದು ಸಂಜೆ, ಜೈನರ ನೇಮದಂತೆ ಹೊತ್ತು ಮುಳುಗುವುದರೊಳಗೆ ಉಣ್ಣಬೇಕೆಂಬ ಆತುರದಲ್ಲಿ, ಅಂಗಡಿಯ ಬಾಗಿಲ ಹಲಗೆಯನ್ನು ಎಳೆದರು. ಅದು ಕೈಜಾರಿ ಬಾತಿನ ಕಾಲ ಮೇಲೆ ಬಿತ್ತು.

ಎಲುಬು ಕೂಡಿಸುವ ಕರೆಪ್ಪ ಬಿದಿರಿನ ದಬ್ಬೆ ಕಟ್ಟಿ, "ಕೂಡತೈತ್ರಿ, ಹೊಟ್ಟಿಗೆ ಛಲೋ ಹಾಕ್ರಿ" ಎಂದು ಹೋದ. ಆದರೆ ಬಾತು ಜೋಳ ಮುಟ್ಟಲಿಲ್ಲ. ಕೊಕ್ಕನ್ನು ರೆಕ್ಕೆಯೊಳಗಿಟ್ಟು ಸುಮ್ಮನೆ ಬಿದ್ದುಕೊಂಡಿತು. ಅಷ್ಟು ಹೊತ್ತು ಕಂಗೆಟ್ಟಿದ್ದ ಸುಪಾರ್ಶ್ವಪ್ಪನವರ ಮುಖದಲ್ಲಿ ವಿಚಿತ್ರವಾದ ಶಾಂತಿ ಇಳಿಯಿತು. "ಸಲ್ಲೇಖನ ತಗೊಂಡೈತ್ರಿ. ನಾವು ಅಡ್ಡ ಬರಬಾರದು," ಎಂದು ಪಿಸುಗುಟ್ಟಿದರು. ಅನ್ನನೀರು ತೊರೆದು ಪ್ರಾಣ ಬಿಡುವ ಆ ವ್ರತವನ್ನು ಅವರ ತಾಯಿ ಹಿಡಿದಿದ್ದರು. ಆ ಮನೆತನಕ್ಕೆ ಅದಕ್ಕಿಂತ ದೊಡ್ಡ ಹೆಮ್ಮೆ ಇರಲಿಲ್ಲ. ಜೋಳದ ಬಟ್ಟಲನ್ನು ತೆಗೆದಿಟ್ಟು, ಬಾತಿನ ತಲೆಯ ಬಳಿ ಣಮೋಕಾರ ಮಂತ್ರ ಹೇಳುತ್ತ ಕೂತರು. ನೋಡಲು ಹೋದ ನಾನೂ ಕೈ ಮುಗಿದೆ. ನಗಬೇಡಿ, ಅಲ್ಲಿ ನಗು ಬರುವಂತಿರಲಿಲ್ಲ.

ಮರುದಿನ ನಾನು ಅಲ್ಲಿದ್ದಾಗಲೇ, ಸುದ್ದಿ ಕೇಳಿ ತೇರದಾಳದಿಂದ ಬಂದ ಅವರ ಅಕ್ಕ ಹೀರಾಬಾಯಿ, ಕಂಕುಳಿನ ಗಂಟನ್ನೂ ಇಳಿಸದೆ ಬಾತನ್ನು ನೋಡಿದರು, ಪಕ್ಕದಲ್ಲಿ ನೀರು ಸೋಸಿಟ್ಟಿದ್ದ ತಂಬಿಗೆಯನ್ನೂ ನೋಡಿದರು. ತಂಬಿಗೆಯ ಬಾಯಿ ಕಿರಿದು. ಮಲಗಿದ ಬಾತಿನ ಕೊಕ್ಕು ಅದರೊಳಗೆ ಇಳಿಯುವಂತಿರಲಿಲ್ಲ.

"ತಮ್ಮಾ, ನೀರಿಲ್ಲದ ಒಣಾ ಜೋಳ ಅದರ ಗಂಟಲಾಗ ಇಳೀತೈತೇನೋ? ವ್ರತಾ ಅದು ಹಿಡದಿಲ್ಲ. ನೀನಽ ಅದರ ಮ್ಯಾಲೆ ಹೇರಾಕತ್ತಿ."

ಅಗಲವಾದ ಪರಾತದಲ್ಲಿ ನೀರು ತುಂಬಿ ಮುಂದಿಟ್ಟರು. ಬಾತು ಕಣ್ಣು ಮುಳುಗುವಷ್ಟು ಕತ್ತು ಇಳಿಸಿ ಕುಡಿಯಿತು, ಕುಡಿಯುತ್ತಲೇ ಇತ್ತು. ಆಮೇಲೆ ಅಕ್ಕ ಅದೇ ನೀರಿಗೆ ಹಾಕಿದ ಜೋಳವನ್ನು, ನೆನೆದ ಮೇಲೆ, ನುಂಗಿತು. ಸುಪಾರ್ಶ್ವಪ್ಪನವರು ಕೋಟಿನ ತೋಳಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತರು.

"ವ್ರತಾ ಅಂದ್ರ ಪುಣ್ಯೇದ ಸಾವು ಅಕ್ಕಾ. ಇಲ್ಲಂದ್ರ ನಾನಽ ಕೊಂದಂಗ ಆಗ್ತಿತ್ತು. ಅದಕ್ಕಽ ಹಂಗ ಅಂದೆ."

ಮುಂದೆ ಧೋತರದ ಜೋಲಿಯಲ್ಲಿ ಅದರ ಎದೆಯನ್ನು ಎತ್ತಿ ಹಿಡಿದು, ದನ ನೀರು ಕುಡಿಯುವ ಬಾವಿಕಟ್ಟೆಯ ಕಲ್ಲುದೋಣಿಯಲ್ಲಿ ತೇಲಿಸಿ, ದಿನವೂ ಕಾಲಾಡಿಸಿದರು. ಮಳೆಗಾಲದ ಹೊತ್ತಿಗೆ ಬಾತು ಕುಂಟುತ್ತ ನಡೆಯಿತು.

ಪಾಪಭೀರುಗಳು ಒಳ್ಳೆಯವರು, ನಿಜ. ಆದರೆ ತಮ್ಮ ಕೈಯಿಂದಲೇ ನೋವಾದಾಗ ಆ ನೋವಿಗೆ ಧರ್ಮದ ಹೆಸರಿಟ್ಟು ಪಾರಾಗುವ ಆಸೆ ಅವರಿಗಿರುವಷ್ಟು ಕಟುಕರಿಗೂ ಇರಲಾರದು. ಆ ಆಸೆಯನ್ನು ನೆರೆಯವನ ಎದುರಿಗೇ ಬಾಯಿಬಿಟ್ಟು ಒಪ್ಪಿಕೊಂಡು, ಕಣ್ಣೊರೆಸಿಕೊಂಡು, ಇನ್ನೊಂದು ಕೊಡ ನೀರು ಸೇದಲು ಎದ್ದುಹೋದವರನ್ನು ನಾನು ಅವರೊಬ್ಬರನ್ನೇ ಕಂಡಿದ್ದೇನೆ.